ಹಾಸಿಗೆಯ ಪಕ್ಕದ ಪಾಠ: ಶುಶ್ರೂಷಾ ವಿದ್ಯಾರ್ಥಿಗಳ ಮೇಲ್ವಿಚಾರಣೆಯ ಚರಿತ್ರೆ ಮತ್ತು ಗಡಿನಾಡಿನ ರೋಗಿ

ಶುಶ್ರೂಷಾ ಶಿಕ್ಷಣದ ಚರಿತ್ರೆಯನ್ನು ಸಾಮಾನ್ಯವಾಗಿ ಸಂಸ್ಥೆಗಳ ಚರಿತ್ರೆಯಾಗಿ ಬರೆಯಲಾಗಿದೆ. ಯಾವ ವರ್ಷ ಯಾವ ಶಾಲೆ ತೆರೆಯಿತು, ಯಾವ ಕಾಯ್ದೆ ಬಂತು, ಯಾವ ಸಮಿತಿ ಏನನ್ನು ಶಿಫಾರಸು ಮಾಡಿತು ಎಂಬ ವಿವರಗಳು ಅದರಲ್ಲಿ ದೊರೆಯುತ್ತವೆ. ಆದರೆ ಈ ವಿದ್ಯೆಯ ಮುಖ್ಯ ಭಾಗ ನಡೆಯುವುದು ಶಾಲೆಯ ಕೊಠಡಿಯಲ್ಲಲ್ಲ. ಆಸ್ಪತ್ರೆಯ ವಾರ್ಡಿನಲ್ಲಿ, ರೋಗಿಯ ಹಾಸಿಗೆಯ ಪಕ್ಕದಲ್ಲಿ. ಅಲ್ಲಿ ಹದಿನೆಂಟು ಹತ್ತೊಂಬತ್ತರ ವಯಸ್ಸಿನ ವಿದ್ಯಾರ್ಥಿಯೊಬ್ಬಳು ಮೊದಲ ಬಾರಿಗೆ ಗಾಯಕ್ಕೆ ಪಟ್ಟಿ ಕಟ್ಟುವಾಗ, ಔಷಧಿಯ ಪ್ರಮಾಣ ಅಳೆಯುವಾಗ, ನೋವಿನಲ್ಲಿರುವವರ ಮಾತಿಗೆ ಕಿವಿಗೊಡುವಾಗ ಅವಳ ಪಕ್ಕದಲ್ಲಿ ನಿಲ್ಲಬೇಕಾದವರು ಯಾರು? ನಿಂತವರು ಏನನ್ನು ನೋಡಬೇಕು? ಈ ಎರಡು ಪ್ರಶ್ನೆಗಳಿಗೆ ಕಳೆದ ನೂರ ಅರುವತ್ತು ವರ್ಷಗಳಲ್ಲಿ ಬೇರೆ ಬೇರೆ ಉತ್ತರಗಳು ಬಂದಿವೆ. ಆ ಉತ್ತರಗಳ ಚರಿತ್ರೆಯನ್ನು ಗಡಿನಾಡಿನ ಕನ್ನಡ ರೋಗಿಯ ಕಡೆಯಿಂದ ನೋಡಿದಾಗ, ಕೇಂದ್ರದಿಂದ ನೋಡಿದವರಿಗೆ ಕಾಣದ ಒಂದು ಲೋಪ ಕಾಣುತ್ತದೆ.

ವಾರ್ಡಿನ ಸಿಸ್ಟರ್ ಮತ್ತು ತಿಂಗಳ ಪಟ್ಟಿ

ಕ್ರಿಮಿಯಾ ಯುದ್ಧದ ಬಳಿಕ ಸಾರ್ವಜನಿಕರಿಂದ ಸಂಗ್ರಹವಾದ ನಿಧಿಯ ಬಲದಿಂದ ಫ್ಲಾರೆನ್ಸ್ ನೈಟಿಂಗೇಲ್ ಅವರ ಹೆಸರಿನ ಶಾಲೆ 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಆರಂಭವಾಯಿತು. ಮೊದಲ ತಂಡದಲ್ಲಿ ಇದ್ದವರು 15 ಮಂದಿ. ಇವರನ್ನು ‘ಪ್ರೊಬೇಷನರ್’ ಎಂದು ಕರೆಯಲಾಗುತ್ತಿತ್ತು. ಆಸ್ಪತ್ರೆಯ ಮೇಟ್ರನ್ ಆಗಿದ್ದ ಸಾರಾ ವಾರ್ಡ್ರೋಪರ್ ಅವರೇ ಶಾಲೆಯ ಮೇಲಧಿಕಾರಿ. ಕಲಿಸುವ ಹೊಣೆ ಮಾತ್ರ ಬಹುಮಟ್ಟಿಗೆ ವಾರ್ಡಿನ ಸಿಸ್ಟರುಗಳದು. ಅಂದರೆ ವಾರ್ಡನ್ನು ನಡೆಸುವವಳೇ ಗುರುವೂ ಆಗಿದ್ದಳು. ಕೆಲಸ ಮತ್ತು ಕಲಿಕೆ ಒಂದೇ ಕೈಯಲ್ಲಿದ್ದವು.

ಈ ಸಿಸ್ಟರುಗಳು ಪ್ರತಿ ವಿದ್ಯಾರ್ಥಿನಿಯ ಬಗೆಗೂ ತಿಂಗಳ ಪಟ್ಟಿಯೊಂದನ್ನು ತುಂಬುವ ವ್ಯವಸ್ಥೆಯಿತ್ತು. ಆ ಪಟ್ಟಿಗೆ ಎರಡು ಭಾಗ. ಒಂದು ನಡತೆಗೆ ಸಂಬಂಧಿಸಿದ್ದು: ಸಮಯಪಾಲನೆ, ಸದ್ದಿಲ್ಲದ ನಡೆ, ನಂಬಿಕೆ, ಶುಚಿತ್ವ ಇತ್ಯಾದಿ. ಇನ್ನೊಂದು ಗಳಿಸಿದ ಕೌಶಲಗಳಿಗೆ ಸಂಬಂಧಿಸಿದ್ದು: ಗಾಯದ ಆರೈಕೆ, ಪಟ್ಟಿ ಕಟ್ಟುವುದು, ಹಾಸಿಗೆ ಹಾಸುವುದು, ಏಳಲಾಗದ ರೋಗಿಯನ್ನು ನೋಡಿಕೊಳ್ಳುವುದು, ಪಥ್ಯದ ಅಡುಗೆ. ಈ ಕೌಶಲಗಳ ಸಾಲಿನಲ್ಲಿ ‘ರೋಗಿಯ ಅವಲೋಕನ’ ಎಂಬುದೂ ಒಂದು ಬಾಬತ್ತಾಗಿತ್ತು. ನಾಡಿ, ಉಸಿರು, ನಿದ್ರೆ, ಹಸಿವು, ಚರ್ಮದ ಸ್ಥಿತಿ, ಗಾಯದ ಸ್ಥಿತಿ ಇವೆಲ್ಲವನ್ನೂ ಗಮನಿಸಬಲ್ಲಳೇ ಎಂದು ಸಿಸ್ಟರ್ ಬರೆಯಬೇಕಿತ್ತು. ಶುಶ್ರೂಷೆಯಲ್ಲಿ ಮೇಲ್ವಿಚಾರಣೆ ಎಂಬುದು ದಾಖಲೆಯ ರೂಪ ಪಡೆದದ್ದು ಇಲ್ಲಿ. ಇಂದಿನ ವಿದ್ಯಾರ್ಥಿಗಳ ಕೈಯಲ್ಲಿರುವ ಕೌಶಲ ದಾಖಲೆ ಪುಸ್ತಕಗಳೆಲ್ಲ ಈ ಪಟ್ಟಿಯ ದೂರದ ಸಂತತಿ.

ಆದರೆ ಪಟ್ಟಿ ಇದ್ದ ಮಾತ್ರಕ್ಕೆ ಪಾಠ ನಡೆಯುತ್ತಿತ್ತೆಂದು ಹೇಳುವಂತಿಲ್ಲ. ಇತಿಹಾಸಕಾರ್ತಿ ಮೋನಿಕಾ ಬೇಲಿ ಅವರು 1986ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ನೈಟಿಂಗೇಲ್ ನಿಧಿಯ ಕಡತಗಳನ್ನೇ ಆಧರಿಸಿ, ಆರಂಭದ ವರ್ಷಗಳಲ್ಲಿ ತರಬೇತಿ ಬಹಳ ದುರ್ಬಲವಾಗಿತ್ತೆಂದೂ ವಿದ್ಯಾರ್ಥಿನಿಯರು ಆಸ್ಪತ್ರೆಯ ದುಡಿಮೆಯ ಕೈಗಳಾಗಿ ಬಳಕೆಯಾಗುತ್ತಿದ್ದರೆಂದೂ ತೋರಿಸಿದರು. 1870ರ ದಶಕದ ಆರಂಭದಲ್ಲಿ ಸ್ವತಃ ನೈಟಿಂಗೇಲ್ ಅವರೇ ಈ ಲೋಪವನ್ನು ಕಂಡುಕೊಂಡು ಸುಧಾರಣೆಗೆ ತೊಡಗಬೇಕಾಯಿತು. ಕಾರಣ ಸರಳವಾದುದು. ಒಂದು ವಾರ್ಡಿನಲ್ಲಿ ಕೆಲಸ ಮುಗಿಯಲೇಬೇಕು. ಪಾಠ ನಾಳೆಗೂ ಆಗಬಹುದು. ಒಬ್ಬಳೇ ಎರಡನ್ನೂ ಹೊತ್ತಾಗ ಮುಂದಕ್ಕೆ ಹೋಗುವುದು ಯಾವಾಗಲೂ ಪಾಠವೇ.

ಪ್ರಾಂತಗಳ ಗೆರೆ, ದಾದಿಯರ ನೋಂದಣಿ

ಭಾರತದಲ್ಲಿ ಆಸ್ಪತ್ರೆಯ ಒಳಗಿನ ಕ್ರಮಬದ್ಧ ದಾದಿ ತರಬೇತಿಯ ಆರಂಭವನ್ನು 1871ರಲ್ಲಿ ಮದರಾಸಿನ ಸರ್ಕಾರಿ ಜನರಲ್ ಆಸ್ಪತ್ರೆಯೊಂದಿಗೆ ಗುರುತಿಸಲಾಗುತ್ತದೆ. ಅದರಾಚೆಗೆ ಈ ವಿದ್ಯೆ ಒಳನಾಡಿಗೆ ಹರಡಿದ್ದು ಹೆಚ್ಚಾಗಿ ಮಿಷನ್ ಆಸ್ಪತ್ರೆಗಳ ಮೂಲಕ. ವಿಲಿಯಂ ವಾನ್ಲೆಸ್ ಅವರು 1894ರಲ್ಲಿ ಮಿರಜದಲ್ಲಿ ತೆರೆದ ಪ್ರೆಸ್ಬಿಟೇರಿಯನ್ ಮಿಷನ್ ಆಸ್ಪತ್ರೆ ಜತ್ತ, ಅಥಣಿ, ವಿಜಯಪುರ ಸೀಮೆಯ ಕನ್ನಡ ರೋಗಿಗಳಿಗೂ ದಾರಿಯಾಯಿತು. ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಬಾಸೆಲ್ ಮಿಷನ್ನಿನ ಇವಾ ಲೊಂಬಾರ್ಡ್ ಅವರು 1923ರಲ್ಲಿ ಉಡುಪಿಯಲ್ಲಿ ಆಸ್ಪತ್ರೆ ಕಟ್ಟಿದಾಗ ಕಾಸರಗೋಡು ಅದೇ ಜಿಲ್ಲೆಯ ತಾಲೂಕಾಗಿತ್ತು. ಇಂಥ ಆಸ್ಪತ್ರೆಗಳಲ್ಲಿ ಮೇಲ್ವಿಚಾರಣೆ ನಡೆಸುತ್ತಿದ್ದ ವಿದೇಶೀ ಸಿಸ್ಟರುಗಳು ಮೊದಲು ನೆಲದ ಭಾಷೆ ಕಲಿಯಬೇಕಿತ್ತು. ಧರ್ಮಪ್ರಚಾರದ ಉದ್ದೇಶದಿಂದಲೇ ಬಂದ ನಿಯಮವಾದರೂ ಅದರ ಫಲ ವಾರ್ಡಿಗೂ ದೊರೆಯಿತು.

ವೃತ್ತಿಯ ಸಂಘಟನೆಯೂ ಇದೇ ಕಾಲದ್ದು. ಭಾರತೀಯ ತರಬೇತಾದ ದಾದಿಯರ ಸಂಘ 1908ರಲ್ಲಿ ರೂಪುಗೊಂಡಿತು; 1910ರಿಂದ ಅದರ ಪತ್ರಿಕೆ ಹೊರಬರತೊಡಗಿತು. ನೋಂದಣಿಯ ಕಾಯ್ದೆಗಳು ಮಾತ್ರ ಪ್ರಾಂತಗಳ ಗೆರೆಯನ್ನು ಅನುಸರಿಸಿದವು. ಮದರಾಸು ಪ್ರಾಂತದಲ್ಲಿ 1926ರಲ್ಲಿ, ಮುಂಬಯಿ ಪ್ರಾಂತದಲ್ಲಿ 1935ರಲ್ಲಿ ದಾದಿಯರ ಕಾಯ್ದೆಗಳು ಬಂದವು. ಹೀಗಾಗಿ ಮಂಗಳೂರು, ಕಾಸರಗೋಡು, ಬಳ್ಳಾರಿ, ಆದವಾನಿ, ರಾಯದುರ್ಗಗಳಲ್ಲಿ ಕೆಲಸ ಮಾಡುವವರು ಮದರಾಸಿನ ಕಡೆಗೂ, ಧಾರವಾಡ, ವಿಜಯಪುರ, ಸೊಲ್ಲಾಪುರದವರು ಮುಂಬಯಿಯ ಕಡೆಗೂ ಮುಖ ಮಾಡಿದರು. ಮೈಸೂರು ಮತ್ತು ಹೈದರಾಬಾದು ಸಂಸ್ಥಾನಗಳ ದಾರಿ ಬೇರೆ. ಕನ್ನಡ ಮಾತಾಡುವ ರೋಗಿಗಳು ಒಂದೇ ಆದರೂ ಅವರನ್ನು ನೋಡುವ ದಾದಿಯರ ತರಬೇತಿ, ಪರೀಕ್ಷೆ, ಪ್ರಮಾಣಪತ್ರಗಳು ಆರಂಭದಿಂದಲೇ ಹಲವು ಆಡಳಿತಗಳಲ್ಲಿ ಹಂಚಿಹೋಗಿದ್ದವು. ಕನ್ನಡದಲ್ಲಿ ಶುಶ್ರೂಷೆಯ ಏಕರೂಪ ಪರಿಭಾಷೆಯೊಂದು ಬೆಳೆಯಲು ಅಗತ್ಯವಾದ ಸಾಂಸ್ಥಿಕ ನೆಲೆ ಆ ಕಾಲದಲ್ಲಿ ಸಿಗಲಿಲ್ಲ.

ಗುರು ಮತ್ತು ವಾರ್ಡು ಬೇರೆಯಾದದ್ದು

ಭೋರ್ ಸಮಿತಿ 1946ರಲ್ಲಿ ವರದಿ ಕೊಟ್ಟಾಗ ಬ್ರಿಟಿಷ್ ಭಾರತದಲ್ಲಿ ಇದ್ದ ದಾದಿಯರ ಸಂಖ್ಯೆ ಸುಮಾರು 7,000. ಎಂದರೆ 43,000 ಜನರಿಗೆ ಒಬ್ಬ ದಾದಿ. ಅದೇ ವರ್ಷ ದೆಹಲಿಯಲ್ಲಿಯೂ ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿನಲ್ಲಿಯೂ ನಾಲ್ಕು ವರ್ಷಗಳ ಪದವಿ ಶಿಕ್ಷಣ ಆರಂಭವಾಯಿತು. 1947ರ ಕಾಯ್ದೆಯ ಮೂಲಕ ಭಾರತೀಯ ಶುಶ್ರೂಷಾ ಪರಿಷತ್ತಿಗೆ ಕಾನೂನಿನ ತಳಹದಿ ದೊರೆಯಿತು. 1954ರಲ್ಲಿ ದಾದಿಯರ ಸೇವಾ ಸ್ಥಿತಿ ಮತ್ತು ತರಬೇತಿಯನ್ನು ಪರಿಶೀಲಿಸಿದ ಸಮಿತಿ ‘ಶೆಟ್ಟಿ ಸಮಿತಿ’ ಎಂದೇ ಪ್ರಸಿದ್ಧ. ಅದರ ಅಧ್ಯಕ್ಷರಾಗಿದ್ದ ಎ. ಬಿ. ಶೆಟ್ಟಿ ಅವರು ಮದರಾಸು ರಾಜ್ಯದ ಆರೋಗ್ಯ ಸಚಿವರು; ಮಂಗಳೂರಿನವರು; 1931ರಲ್ಲಿ ವಿಜಯಾ ಬ್ಯಾಂಕನ್ನು ಸ್ಥಾಪಿಸಿದವರು. ಹಲವು ಭಾಷೆಗಳ ಕರಾವಳಿಯಿಂದ ಬಂದ ವ್ಯಕ್ತಿಯೊಬ್ಬರು ಇಡೀ ದೇಶದ ದಾದಿಯರ ಸ್ಥಿತಿಗತಿಯನ್ನು ಕುರಿತು ವರದಿ ಕೊಟ್ಟರೆಂಬುದು ಈ ಭಾಗದ ಚರಿತ್ರೆಯಲ್ಲಿ ನೆನಪಿಡಬೇಕಾದ ಸಂಗತಿ. ತರಬೇತಿಯ ಪರಿಸ್ಥಿತಿ ಸುಧಾರಿಸಬೇಕು, ಪ್ರವೇಶದ ಅರ್ಹತೆ ಪರಿಷತ್ತಿನ ನಿಯಮಕ್ಕೆ ಅನುಗುಣವಾಗಿರಬೇಕು ಎಂಬವು ಅದರ ಶಿಫಾರಸುಗಳಲ್ಲಿ ಸೇರಿದ್ದವು.

ಈ ದಶಕಗಳ ಒಟ್ಟು ಚಲನೆ ಒಂದೇ ದಿಕ್ಕಿನದು: ವಿದ್ಯಾರ್ಥಿಯನ್ನು ಆಸ್ಪತ್ರೆಯ ದುಡಿಮೆಯಿಂದ ಬಿಡಿಸಿ ಶಿಕ್ಷಣದ ವ್ಯಾಪ್ತಿಗೆ ತರುವುದು. ಅದಕ್ಕಾಗಿ ‘ಟ್ಯೂಟರ್’ ಎಂಬ ಪ್ರತ್ಯೇಕ ಅಧ್ಯಾಪಕ ವರ್ಗ ಬೆಳೆಯಿತು. ಹತ್ತು ವಿದ್ಯಾರ್ಥಿಗಳಿಗೆ ಒಬ್ಬ ಅಧ್ಯಾಪಕರು ಎಂಬ ಪ್ರಮಾಣವನ್ನು ಪರಿಷತ್ತು ಗೊತ್ತುಪಡಿಸಿತು. ಬೋಧನಾ ಆಸ್ಪತ್ರೆಗಳಲ್ಲಿ ಮೂವರು ರೋಗಿಗಳಿಗೆ, ಸಾಮಾನ್ಯ ಆಸ್ಪತ್ರೆಗಳಲ್ಲಿ ಐವರಿಗೆ ಒಬ್ಬ ದಾದಿ ಎಂಬ ಪ್ರಮಾಣವೂ ಪರಿಷತ್ತಿನದೇ. ವಿದ್ಯಾರ್ಥಿಗಳ ಶೋಷಣೆಯನ್ನು ತಡೆಯುವ ದೃಷ್ಟಿಯಿಂದ ಇದು ನಿಜವಾದ ಮುನ್ನಡೆ, ಅದನ್ನು ಅಲ್ಲಗಳೆಯುವಂತಿಲ್ಲ.

ಆದರೆ ಈ ಮುನ್ನಡೆಗೆ ತೆತ್ತ ಬೆಲೆಯೂ ಇದೆ. ಸೇಂಟ್ ಥಾಮಸ್ ಮಾದರಿಯಲ್ಲಿ ಒಬ್ಬಳ ಕೈಯಲ್ಲಿದ್ದ ಎರಡು ಹೊಣೆಗಳು ಈಗ ಇಬ್ಬರಲ್ಲಿ ಹಂಚಿಹೋದವು. ಕಾಲೇಜಿನಿಂದ ಬರುವ ಅಧ್ಯಾಪಕರಿಗೆ ವಿದ್ಯಾರ್ಥಿಯ ಪರಿಚಯವಿದೆ, ರೋಗಿಯ ಪರಿಚಯವಿಲ್ಲ. ವಾರ್ಡಿನ ದಾದಿಗೆ ರೋಗಿಯ ಪರಿಚಯವಿದೆ. ವಿದ್ಯಾರ್ಥಿಯ ಹೊಣೆ ತನ್ನದೆಂಬ ಆದೇಶವಿಲ್ಲ, ಅದಕ್ಕೆ ಸಮಯವೂ ಇಲ್ಲ. ಅಧ್ಯಾಪಕರು ಪಕ್ಕದ ವಾರ್ಡಿಗೆ ಹೋದ ಗಳಿಗೆಯಲ್ಲಿ ವಿದ್ಯಾರ್ಥಿ ಯಾರ ಕಣ್ಣಳತೆಯಲ್ಲಿದ್ದಾಳೆ ಎಂಬುದು ಅಸ್ಪಷ್ಟವಾಗಿಯೇ ಉಳಿಯುತ್ತದೆ. ಇಂಗ್ಲೆಂಡಿನಲ್ಲಿಯೂ ಇದೇ ಕಥೆ. 1980ರ ದಶಕದ ಕೊನೆಯಲ್ಲಿ ಆರಂಭವಾದ ‘ಪ್ರಾಜೆಕ್ಟ್ 2000’ ಸುಧಾರಣೆಯು ವಿದ್ಯಾರ್ಥಿಯನ್ನು ಸಿಬ್ಬಂದಿಯ ಲೆಕ್ಕದಿಂದ ಹೊರಗಿಟ್ಟಿತು. ಆಗ ವಾರ್ಡಿನಲ್ಲಿ ಅವಳನ್ನು ನೋಡುವವರು ಯಾರು ಎಂಬ ಪ್ರಶ್ನೆಗೆ ‘ಮೆಂಟರ್’ ಎಂಬ ಉತ್ತರ ರೂಪುಗೊಂಡಿತು. 2018ರ ಬ್ರಿಟಿಷ್ ಮಾನದಂಡಗಳು ಆ ಒಬ್ಬ ಮೆಂಟರನ್ನೂ ಬಿಟ್ಟು, ವಾರ್ಡಿನಲ್ಲಿ ಕಲಿಸುವವರು, ವಾರ್ಡಿನಲ್ಲಿ ಅಳೆಯುವವರು, ವಿಶ್ವವಿದ್ಯಾಲಯದ ಪರವಾಗಿ ಅಳೆಯುವವರು ಎಂದು ಮೂರು ಪಾತ್ರಗಳನ್ನು ಬೇರ್ಪಡಿಸಿದವು. ಕಲಿಸುವವರೇ ತೇರ್ಗಡೆ ಮಾಡುವವರೂ ಆದಾಗ ದುರ್ಬಲ ವಿದ್ಯಾರ್ಥಿಯನ್ನು ತಡೆಹಿಡಿಯಲು ಹಿಂಜರಿಕೆ ಉಂಟಾಗುತ್ತದೆ ಎಂಬ ಅನುಭವ ಈ ವಿಭಜನೆಯ ಹಿಂದಿದೆ.

ಗಡಿ ಸರಿದಾಗ ಸರಿಯದ ದಾರಿಗಳು

1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ರೂಪುಗೊಂಡಾಗ ಬಳ್ಳಾರಿ ಜಿಲ್ಲೆಯ ಆದವಾನಿ, ಆಲೂರು, ರಾಯದುರ್ಗ ತಾಲೂಕುಗಳು ಆಂಧ್ರಕ್ಕೆ ಸೇರಿದವು. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಅಲ್ಲಿಗೆ ಮದರಾಸಿನ 1926ರ ಕಾಯ್ದೆಯ ಸ್ಥಾನದಲ್ಲಿ ತಿರುವಾಂಕೂರು-ಕೊಚ್ಚಿಯ 1953ರ ದಾದಿಯರ ಕಾಯ್ದೆಯ ಪರಂಪರೆ ಬಂತು. ಸೊಲ್ಲಾಪುರ, ಅಕ್ಕಲಕೋಟೆ, ಜತ್ತಗಳು ಮಹಾರಾಷ್ಟ್ರದಲ್ಲಿ ಉಳಿದವು. ಆಡಳಿತದ ಗೆರೆ ಹೀಗೆ ಸರಿದರೂ ರೋಗಿಗಳು ನಡೆಯುವ ದಾರಿ ಅದೇ ವೇಗದಲ್ಲಿ ಸರಿಯಲಿಲ್ಲ. ರಾಯದುರ್ಗದವರಿಗೆ ಬಳ್ಳಾರಿ ಹತ್ತಿರ. ತಾಳವಾಡಿಯವರಿಗೆ ಘಟ್ಟದ ಕೆಳಗಿನ ಊರುಗಳಿಗಿಂತ ಚಾಮರಾಜನಗರ ಹತ್ತಿರ. ಕಾಸರಗೋಡಿನವರಿಗೆ ಮಂಗಳೂರು ಹತ್ತಿರ. 2020ರ ಮಾರ್ಚಿನಲ್ಲಿ ತಲಪಾಡಿಯಲ್ಲಿ ಗಡಿ ಮುಚ್ಚಿದಾಗ ಈ ಅವಲಂಬನೆ ಎಷ್ಟು ಆಳವಾದುದೆಂಬುದು ನಾಡಿಗೆಲ್ಲ ತಿಳಿಯಿತು.

ಇನ್ನೊಂದು ಕಡೆ, 1960ರ ದಶಕದ ಆರಂಭದಲ್ಲಿ ಗಡಿಯ ಎರಡೂ ಬದಿಯಲ್ಲಿ ವೈದ್ಯಕೀಯ ಕಾಲೇಜುಗಳು ಹುಟ್ಟಿದವು: ಬಳ್ಳಾರಿಯಲ್ಲಿ 1961, ಮಿರಜದಲ್ಲಿ 1962, ಸೊಲ್ಲಾಪುರದಲ್ಲಿ 1963. ಈ ಬೋಧನಾ ಆಸ್ಪತ್ರೆಗಳ ವಾರ್ಡುಗಳು ಶುಶ್ರೂಷಾ ವಿದ್ಯಾರ್ಥಿಗಳಿಗೂ ತರಬೇತಿಯ ಕ್ಷೇತ್ರಗಳಾದವು. 1990ರ ದಶಕದಿಂದೀಚೆಗೆ ಕರ್ನಾಟಕದಲ್ಲಿ ಖಾಸಗಿ ಶುಶ್ರೂಷಾ ಕಾಲೇಜುಗಳು ಬಹುಸಂಖ್ಯೆಯಲ್ಲಿ ತಲೆಯೆತ್ತಿದವು. ಅವುಗಳ ವಿದ್ಯಾರ್ಥಿಗಳಲ್ಲಿ ಕೇರಳದವರದು ದೊಡ್ಡ ಪಾಲು. ಹೀಗೆ ಒಂದು ವಿಚಿತ್ರವಾದ ಸಮ್ಮಿತಿ ಉಂಟಾಯಿತು. ಮಂಗಳೂರಿನ ವಾರ್ಡಿನಲ್ಲಿ ಮಲೆಯಾಳಂ ಮನೆಮಾತಿನ ವಿದ್ಯಾರ್ಥಿಯ ಎದುರು ಕನ್ನಡ ಅಥವಾ ತುಳು ಮಾತಾಡುವ ರೋಗಿ. ಕಾಸರಗೋಡಿನ ವಾರ್ಡಿನಲ್ಲಿಯೂ ಅದೇ ಜೋಡಿ. ಗಡಿಯ ಯಾವ ಬದಿಗೆ ಹೋದರೂ ರೋಗಿಯ ಸ್ಥಿತಿ ಬದಲಾಗದು. ಆದ್ದರಿಂದ ಇದನ್ನು ಒಂದು ರಾಜ್ಯದ ಮೇಲಿನ ದೂರಾಗಿ ಮಂಡಿಸುವುದು ಸರಿಯಲ್ಲ. ಇದು ತರಬೇತಿಯ ರಚನೆಯೊಳಗಿನ ಪ್ರಶ್ನೆ.

ಪಟ್ಟಿಯಲ್ಲಿಲ್ಲದ ಬಾಬತ್ತು

ವಾರ್ಡಿನಲ್ಲಿ ಮೂರು ಭಾಷೆಗಳು ಕೆಲಸ ಮಾಡುತ್ತವೆ. ಪಾಠ, ಪರೀಕ್ಷೆ, ದಾಖಲೆಗಳ ಭಾಷೆ ಇಂಗ್ಲಿಷು. ಸಿಬ್ಬಂದಿಯ ನಡುವಣ ಮಾತು ರಾಜ್ಯದ ಭಾಷೆ. ರೋಗಿಯ ಮಾತು ಮೂರನೆಯದು. ಮೇಲ್ವಿಚಾರಕರು ಸಹಿ ಹಾಕುವ ದಾಖಲೆಯಲ್ಲಿ ಕಾಣುವುದು ಮೊದಲನೆಯದು ಮಾತ್ರ. ಚುಚ್ಚುಮದ್ದು ಸರಿಯಾಗಿ ಕೊಟ್ಟಳೇ, ರಕ್ತದೊತ್ತಡ ಸರಿಯಾಗಿ ಅಳೆದಳೇ, ಕೈ ತೊಳೆದಳೇ ಎಂಬುದನ್ನು ಕಣ್ಣಿನಿಂದ ನೋಡಿ ಗುರುತು ಹಾಕಬಹುದು. ರೋಗಿ ಹೇಳಿದ್ದನ್ನು ಸರಿಯಾಗಿ ಕೇಳಿಸಿಕೊಂಡಳೇ ಎಂಬುದನ್ನು ನೋಡಲು ಮೇಲ್ವಿಚಾರಕರಿಗೇ ಆ ಭಾಷೆ ಬರಬೇಕು.

ದ್ರಾವಿಡ ಭಾಷೆಗಳ ನಂಟು ಇಲ್ಲಿ ಸಹಾಯಕ್ಕಿಂತ ಹೆಚ್ಚಾಗಿ ತೊಡಕನ್ನು ತರುವ ಸಂದರ್ಭಗಳಿವೆ. ಕನ್ನಡದ ಹೆಂಗಸು ‘ಮುಟ್ಟಿನ ನೋವು’ ಎಂದರೆ ಅದು ತಿಂಗಳ ಸ್ರಾವದ ನೋವು. ಮಲೆಯಾಳಂನಲ್ಲಿ ‘ಮುಟ್ಟು’ ಎಂದರೆ ಮೊಣಕಾಲು. ‘ಶ್ವಾಸಂಮುಟ್ಟು’ ಎಂದರೆ ಉಬ್ಬಸ. ಪರಭಾಷೆಯೆಂದು ಪೂರ್ತಿ ಅನಿಸಿದ್ದರೆ ವಿದ್ಯಾರ್ಥಿ ಮತ್ತೊಮ್ಮೆ ಕೇಳುತ್ತಿದ್ದಳು; ಪರಿಚಿತ ಪದದಂತೆ ಕಿವಿಗೆ ಬಿದ್ದುದರಿಂದ ಕೇಳುವುದಿಲ್ಲ. ಸಂಸ್ಕೃತ, ಪಾರಸಿ ಮೂಲದ ಪದಗಳೂ ಹೀಗೆಯೇ. ಅಕ್ಕಲಕೋಟೆಯ ಮುದುಕನೊಬ್ಬ ‘ಸಂಕಟ ಆಗ್ತದ’ ಎಂದರೆ ಹೊಟ್ಟೆ ತೊಳಸುವಿಕೆ, ವಾಕರಿಕೆಯ ಮುನ್ಸೂಚನೆ. ಮರಾಠಿಯಲ್ಲಿ ‘ಸಂಕಟ’ ಎಂದರೆ ವಿಪತ್ತು. ಕನ್ನಡದ ‘ಸುಸ್ತು’ ದೇಹದ ಬಳಲಿಕೆ. ಮರಾಠಿಯ ‘ಸುಸ್ತ’ದಲ್ಲಿ ಜಡತೆ, ಸೋಮಾರಿತನದ ಛಾಯೆಯಿದೆ. ಹೃದ್ರೋಗಿಯ ಬಳಲಿಕೆ ಒಂದು ಲಕ್ಷಣ. ಸೋಮಾರಿತನ ಒಂದು ಸ್ವಭಾವ. ಮೊದಲನೆಯದು ವೈದ್ಯರಿಗೆ ವರದಿಯಾಗುತ್ತದೆ, ಎರಡನೆಯದು ಆಗುವುದಿಲ್ಲ. ನೈಟಿಂಗೇಲ್ ಪಟ್ಟಿಯ ‘ರೋಗಿಯ ಅವಲೋಕನ’ ಎಂಬ ಬಾಬತ್ತು ಒಂದೇ ಭಾಷೆಯ ವಾರ್ಡನ್ನು ಕಲ್ಪಿಸಿಕೊಂಡು ಬರೆದದ್ದು. ಅದನ್ನು ಬಹುಭಾಷಿಕ ನೆಲಕ್ಕೆ ತಂದಾಗ ಕೇಳುವಿಕೆಯನ್ನು ಪ್ರತ್ಯೇಕ ಕೌಶಲವಾಗಿ ಎಣಿಸಬೇಕಿತ್ತು, ಹಾಗಾಗಲಿಲ್ಲ.

ಭಾಷಾ ಅಲ್ಪಸಂಖ್ಯಾತರ ರಕ್ಷಣೆಯ ಚೌಕಟ್ಟು ಕೂಡ ಇಲ್ಲಿಗೆ ತಲಪುವುದಿಲ್ಲ. ಸಂವಿಧಾನದ 350ಎ ವಿಧಿ ಪ್ರಾಥಮಿಕ ಶಿಕ್ಷಣವನ್ನು ಕುರಿತದ್ದು. 350ಬಿ ವಿಧಿ ಭಾಷಾ ಅಲ್ಪಸಂಖ್ಯಾತರ ಆಯುಕ್ತರನ್ನು ಕುರಿತದ್ದು. ಜನಸಂಖ್ಯೆಯ ಶೇಕಡಾ 15ರಷ್ಟು ಅಲ್ಪಸಂಖ್ಯಾತರಿರುವಲ್ಲಿ ಮುಖ್ಯ ಪ್ರಕಟಣೆಗಳು ಅವರ ಭಾಷೆಯಲ್ಲಿರಬೇಕೆಂಬ ಒಪ್ಪಂದವಿದೆ. ಕೇರಳದ 1969ರ ಆಡಳಿತ ಭಾಷಾ ಕಾಯ್ದೆ ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರಿಗೆ ಸರ್ಕಾರದೊಂದಿಗೆ ಸ್ವಂತ ಭಾಷೆಯಲ್ಲಿ ಪತ್ರವ್ಯವಹಾರ ನಡೆಸುವ ಅವಕಾಶ ಕೊಟ್ಟಿದೆ. ಇವೆಲ್ಲವೂ ಬರಹದ ಹಕ್ಕುಗಳು. ಹಾಸಿಗೆಯಲ್ಲಿ ಮಲಗಿದವನಿಗೆ ಬೇಕಾದದ್ದು ಮಾತಿನ ಹಕ್ಕು. ಅರ್ಜಿ ಬರೆಯುವ ಸ್ಥಿತಿಯಲ್ಲಿ ಅವನಿಲ್ಲ.

ಗೂಡಲೂರಿನ ಪಾಠ

ಈ ಲೋಪಕ್ಕೆ ಪರಿಹಾರವಿಲ್ಲವೆಂದಲ್ಲ. ನೀಲಗಿರಿ ಜಿಲ್ಲೆಯ ಗೂಡಲೂರಿನಲ್ಲಿ 1990ರಲ್ಲಿ ಆರಂಭವಾದ ಆದಿವಾಸಿ ಆಸ್ಪತ್ರೆ ಇದಕ್ಕೆ ಒಂದು ನಿದರ್ಶನ. ಪಣಿಯ, ಬೆಟ್ಟ ಕುರುಂಬ, ಮುಳ್ಳು ಕುರುಂಬ, ಕಾಟ್ಟುನಾಯಕ ಸಮುದಾಯಗಳ ರೋಗಿಗಳು ಬರುವ ಈ ಆಸ್ಪತ್ರೆಯನ್ನು ಕಟ್ಟಿದವರು ಆ ಸಮುದಾಯಗಳ ಯುವತಿಯರನ್ನೇ ಆಯ್ದು ಆಸ್ಪತ್ರೆಯ ಒಳಗೇ ದಾದಿಯರಾಗಿ ತರಬೇತುಗೊಳಿಸಿದರು. ಬೆಟ್ಟ ಕುರುಂಬ, ಕಾಟ್ಟುನಾಯಕ ನುಡಿಗಳು ಕನ್ನಡಕ್ಕೆ ಹತ್ತಿರದವು. ಇಲ್ಲಿ ಕಲಿಸುವವರಿಗೆ ವೈದ್ಯಕ ತಿಳಿದಿತ್ತು, ಕಲಿಯುವವರಿಗೆ ರೋಗಿಯ ಭಾಷೆ ತಿಳಿದಿತ್ತು. ಪಾಠ ಎರಡೂ ದಿಕ್ಕಿನಲ್ಲಿ ಹರಿಯಲು ಸಾಧ್ಯವಾಯಿತು. ಔಪಚಾರಿಕ ಅರ್ಹತೆಯ ದೃಷ್ಟಿಯಿಂದ ಆರಂಭದ ಈ ತರಬೇತಿಯನ್ನು ದೊಡ್ಡ ಕಾಲೇಜುಗಳ ಪಠ್ಯಕ್ರಮದೊಂದಿಗೆ ಹೋಲಿಸಲಾಗದು. ಎಲ್ಲ ಆಸ್ಪತ್ರೆಗಳೂ ಅದನ್ನು ನಕಲು ಮಾಡಲೂ ಆಗದು. ಆದರೆ ಮೇಲ್ವಿಚಾರಣೆ ಎಂದರೆ ಮೇಲಿನಿಂದ ನೋಡುವುದು ಮಾತ್ರವಲ್ಲ, ವಿದ್ಯಾರ್ಥಿಗೆ ಈಗಾಗಲೇ ಗೊತ್ತಿರುವುದನ್ನು ವಾರ್ಡಿನ ಉಪಯೋಗಕ್ಕೆ ತರುವುದೂ ಹೌದು ಎಂಬುದನ್ನು ಅದು ತೋರಿಸಿದೆ.

ಗಡಿನಾಡಿನ ಸಾಮಾನ್ಯ ಆಸ್ಪತ್ರೆಗಳಲ್ಲಿಯೂ ಇಂಥ ಸಂಪನ್ಮೂಲವಿದೆ. ಮಂಜೇಶ್ವರ, ಜತ್ತ, ರಾಯದುರ್ಗಗಳಿಂದ ಬಂದ ದ್ವಿಭಾಷಿಕ ವಿದ್ಯಾರ್ಥಿಗಳು ಸಹಪಾಠಿಗಳಿಗೆ ದುಭಾಷಿಗಳಾಗಿ ನೆರವಾಗಬಲ್ಲರು. ಸದ್ಯದ ವ್ಯವಸ್ಥೆಯಲ್ಲಿ ಆ ಕೆಲಸಕ್ಕೆ ಅಂಕವಿಲ್ಲ, ಹೆಸರಿಲ್ಲ. ತಪ್ಪಿದರೆ ತಿದ್ದುವವರೂ ಇಲ್ಲ. ತರಬೇತಿಯಿಲ್ಲದ ಭಾಷಾಂತರ ಅಪಾಯಕಾರಿ. ಅದನ್ನು ಮೇಲ್ವಿಚಾರಣೆಯ ಒಳಗೆ ತಂದರೆ ಮಾತ್ರ ಅದು ಕೌಶಲವಾಗುತ್ತದೆ.

ಹಳೆಯ ಪರಿಷತ್ತಿನ ಸ್ಥಾನದಲ್ಲಿ ಹೊಸ ಆಯೋಗವನ್ನು ಕಲ್ಪಿಸಿದ ರಾಷ್ಟ್ರೀಯ ಶುಶ್ರೂಷಾ ಮತ್ತು ಪ್ರಸೂತಿ ಆಯೋಗ ಕಾಯ್ದೆ 2023ರಲ್ಲಿ ಬಂದಿದೆ. ಶಿಕ್ಷಣದ ಮಾನದಂಡಗಳನ್ನು ಹೊಸದಾಗಿ ಬರೆಯುವ ಸಂದರ್ಭ ಇದು. ಚರಿತ್ರೆ ಈ ಸಂದರ್ಭಕ್ಕೆ ಎರಡು ಮಾತುಗಳನ್ನು ಹೇಳುತ್ತದೆ. ಒಂದು, ಅಧ್ಯಾಪಕರು ಮತ್ತು ವಾರ್ಡಿನ ದಾದಿಯ ನಡುವೆ ಹಂಚಿಹೋದ ಹೊಣೆಯನ್ನು ಹೆಸರಿಟ್ಟು ಗೊತ್ತುಪಡಿಸದಿದ್ದರೆ ಅದು ಯಾರದೂ ಆಗುವುದಿಲ್ಲ. ವಾರ್ಡಿನ ದಾದಿಗೆ ಕಲಿಸುವ ಹೊಣೆ ಕೊಟ್ಟರೆ ಅದಕ್ಕೆ ಸಮಯವನ್ನೂ ಕೊಡಬೇಕು. ಇನ್ನೊಂದು, ದಾಖಲೆಯಲ್ಲಿ ಇಲ್ಲದ ಕೌಶಲವನ್ನು ಯಾರೂ ಕಲಿಸುವುದಿಲ್ಲ. ಗಡಿ ಜಿಲ್ಲೆಗಳ ತರಬೇತಿ ಆಸ್ಪತ್ರೆಗಳಲ್ಲಿ ವಿದ್ಯಾರ್ಥಿಯ ಪುಸ್ತಕಕ್ಕೆ ಒಂದು ಸಾಲು ಸೇರಿಸಲು ದೊಡ್ಡ ವೆಚ್ಚವೇನೂ ಇಲ್ಲ: ರೋಗಿಯ ದೂರನ್ನು ಅವನ ಮಾತಿನಲ್ಲಿಯೇ ಕೇಳಿ, ಅರ್ಥವನ್ನು ಖಚಿತಪಡಿಸಿಕೊಂಡು, ವರದಿ ಮಾಡಿದಳೇ? ಆ ಸಾಲಿನ ಎದುರು ಸಹಿ ಹಾಕಬೇಕಾದ ಮೇಲ್ವಿಚಾರಕರು ಆ ಭಾಷೆಯನ್ನು ಬಲ್ಲವರಾಗಿರಬೇಕು, ಇಲ್ಲವೇ ಬಲ್ಲವರೊಬ್ಬರನ್ನು ಪಕ್ಕದಲ್ಲಿ ನಿಲ್ಲಿಸಿಕೊಳ್ಳಬೇಕು. ಕನ್ನಡ, ಮಲೆಯಾಳಂ, ಮರಾಠಿ, ತೆಲುಗು, ತಮಿಳುಗಳಲ್ಲಿ ರೋಗಲಕ್ಷಣಗಳ ಸಮಾನ ಪದಗಳನ್ನೂ ಮೋಸಗೊಳಿಸುವ ಪದಗಳನ್ನೂ ಸಂಗ್ರಹಿಸುವ ಕೆಲಸ ಶುಶ್ರೂಷಾ ಅಧ್ಯಾಪಕರೂ ಭಾಷಾ ವಿದ್ವಾಂಸರೂ ಒಟ್ಟಾಗಿ ಮಾಡಬೇಕಾದದ್ದು. ಗಡಿನಾಡಿನ ಅಧ್ಯಯನ ಕೇಂದ್ರಗಳಿಗೆ ಅದು ಹೊರಗಿನ ಕೆಲಸವಲ್ಲ.